ಗುಡುಗು ಎಕ್ಸ್‌ಪ್ರೆಸ್

ರೈಲ್ವೆ ಕ್ವಾರ್ಟರ್ಸ್,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಜಲ್ಲಿಯ ಮೇಲೆ ನಡೆದು ಒಡೆದಿದ್ದ ಹಿಮ್ಮಡಿ ವಾಸಿಯಾಯಿತೇ? ನನಗೆ ಮಂಡಿನೋವು. ಹೇಳಿಕೊಂಡರೆ ಕಡಿಮೆಯಾಗುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ನಿಮ್ಮಪ್ಪ ಇದ್ದಾರೆ.

ಒಂದು ಅಡ್ಡಹೆಸರಿನ ಸಿಟ್ಟಿಗೆ ನೀನು ವರ್ಗ ಮಾಡಿಸಿಕೊಂಡು ಹೋದೆ. ಹಳಿ ರಿಪೇರಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುಡುಗು ಕೇಳಿ ರೈಲು ಬಂತೆಂದು ಕೂಗಿ, ಇಡೀ ಗ್ಯಾಂಗನ್ನು ಹಾರೆ ಪಿಕಾಸಿ ಸಮೇತ ಹಳಿಯಿಂದ ಇಳಿಸಿದ್ದೆ. ಗ್ಯಾಂಗಿನ ಮೇಸ್ತ್ರಿಯಾದ ನಿಮ್ಮಪ್ಪನೇ ‘ಗುಡುಗು ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟರು. ಆ ಜನ ಯಾರನ್ನು ಬಿಟ್ಟಿದ್ದಾರೆ? ಊಟದ ಡಬ್ಬಿ ಮರೆತು ಬರುವವನು ‘ಖಾಲಿ ವ್ಯಾಗನ್’. ನಾನು ‘ರೆಡ್ ಸಿಗ್ನಲ್’. ಅದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಆದರೆ ಟೀ ಹೊತ್ತಿನಲ್ಲಿ ನಿನ್ನ ಕಥೆಗೆ ದಿನಕ್ಕೊಂದು ಬೋಗಿ ಸೇರಿಸಿದವರು ನಿಮ್ಮಪ್ಪ. ನೀನು ಗುಡುಗಿಗೆ ಹಸಿರು ಬಾವುಟ ತೋರಿಸಿದೆ ಎನ್ನುವವರೆಗೂ ಹೋಯಿತು.

ನೀನು ಹೋದ ಮೇಲೂ ಆ ಹುಡುಗಾಟ ನಿಲ್ಲಲಿಲ್ಲ. ಮೋಡ ಗುಡುಗಿದರೆ ಸಾಕು, “ಗುಡುಗು ಎಕ್ಸ್‌ಪ್ರೆಸ್ ಬಂತು, ದಾರಿ ಬಿಡ್ರೋ” ಎಂದು ಎಲ್ಲರೂ ಹಳಿಯಿಂದಿಳಿದು, ಖಾಲಿ ಹಳಿಗೆ ಸಲಾಮು ಹೊಡೆದು, ನಕ್ಕು, ಮತ್ತೆ ಕೆಲಸ. ತಲೆ ನರೆತ ಗಂಡಸರು. ಗ್ರೀಸು ಹತ್ತಿದ ಬಟ್ಟೆ ಉಜ್ಜಿ ಉಜ್ಜಿ ಸೋತ ನಾನು ಸಂಜೆಗೆ ಇದನ್ನೂ ಕೇಳಬೇಕಿತ್ತು.

ಗುರುವಾರ ಮೋಡ ಕವಿದಿತ್ತು. ಗುಡುಗಿತು. ಎಂದಿನಂತೆ ಕೂಗಿ ಇಳಿದರು, ಸಲಾಮು ಹೊಡೆದರು. ಎತ್ತಿದ ಕೈ ಇಳಿಸುವ ಮೊದಲೇ ತಿರುವಿನಿಂದ ಬರೀ ಎಂಜಿನ್ನೊಂದು ಬಂದು, ಅವರು ಬಗ್ಗಿ ಕೆಲಸ ಮಾಡುತ್ತಿದ್ದ ಜಾಗದ ಮೇಲೆಯೇ ಹಾದುಹೋಯಿತು. ಅದು ಬರುವ ಸುದ್ದಿಯನ್ನು ಯಾರೂ ತಿಳಿಸಿರಲಿಲ್ಲ. ಬಾವುಟ ಹಿಡಿದು ಕಾವಲಿಗೆ ನಿಂತವನಿಗೂ ಅದರ ಸದ್ದು ಗುಡುಗೆಂದೇ ಕೇಳಿಸಿತ್ತು.

ಖಾಲಿ ವ್ಯಾಗನ್ ಮನೆಗೆ ಬಂದು ನನ್ನ ಮುಂದೆ ಅತ್ತ. “ಅಕ್ಕಾ, ನಿಮ್ಮ ಮಗನ ಹೆಸರು ಕೂಗ್ಕೊಂಡೇ ನಾವು ಬದುಕಿದ್ವಿ” ಎಂದ. ಅವನಿಗೊಂದು ಲೋಟ ಟೀ ಕೊಟ್ಟು ಕಳುಹಿಸಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು. ಬಾ ಎಂದು ನಾನು ಯಾರನ್ನೂ ಗೋಗರೆದವಳಲ್ಲ, ಈಗಲೂ ಗೋಗರೆಯುತ್ತಿಲ್ಲ.

ಇತಿ,
ನಿನ್ನ ಅಮ್ಮ

ಬರೆಯಲು ಮರೆತೆ: ಈ ತಿಂಗಳ ಕೊನೆಗೆ ನಿಮ್ಮಪ್ಪ ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಯ ದಿನ ಹೋಗುವವನು ಒಂದು ಕಥೆ ಹೇಳಿಯೇ ಹೊರಡಬೇಕು, ಅದು ಗ್ಯಾಂಗಿನ ಪದ್ಧತಿ. ಗುರುವಾರದಿಂದ ಅವರು ಯಾವ ಕಥೆಗೂ ಬಾಯಿ ತೆರೆದಿಲ್ಲ. ನಿನ್ನೆ ಕೇಳಿದರೆ, “ಹೇಳೋಕೆ ಉಳಿದಿರೋದು ಒಂದೇ ಕಥೆ ಕಣೇ. ಅದು ಅವನದು. ಅವನೇ ಬಂದು ಹೇಳ್ಲಿ” ಎಂದು ಗೋಡೆಗೆ ತಿರುಗಿ ಮಲಗಿದರು. ಬಂದು ಹೇಳು. ಹಸಿರು ಬಾವುಟದ ಸುಳ್ಳು ಬೇಡವಾದರೆ ಬಿಟ್ಟು ಹೇಳು.