ಮೊದಲೇ ಕೊಟ್ಟ ಅಪ್ಪಣೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ಭಾನುವಾರ ಬೆಳಿಗ್ಗೆ, ತಾರೀಖು ಹದಿನೆಂಟು

ಪ್ರೀತಿಯ ಅಪ್ಪಾ,

ನಿಮ್ಮ ಮಗಳ ನಮಸ್ಕಾರ. ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ದಿನಾ ಸ್ವಲ್ಪ ಓದಬೇಕು ಅಂತ ಡಾಕ್ಟರು ಹೇಳಿದರಂತೆ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಅಕ್ಷರ ದೊಡ್ಡದಾಗಿ ಕಂಡರೆ ಹೊಸ ಕಣ್ಣಿನ ಮಹಿಮೆ ಅಂದುಕೊಳ್ಳಬೇಡಿ, ನಾನೇ ದೊಡ್ಡದಾಗಿ ಬರೆದಿದ್ದೇನೆ. ಹನಿ ಔಷಧಿ ಹಾಕುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅರ್ಧವನ್ನು ಕೆನ್ನೆಗೇ ಕುಡಿಸುತ್ತೀರಿ ಅಂತ ತಮ್ಮನ ಹೆಂಡತಿ ದೂರು ಕೊಟ್ಟಿದ್ದಾಳೆ. ಮೊಣಕಾಲು ನೋವು ಕಡಿಮೆಯಾಗಿರಬೇಕು, ತಮ್ಮನ ಮನೆಯಲ್ಲಿ ಹತ್ತಿ ಇಳಿಯುವ ಮೆಟ್ಟಿಲಿಲ್ಲವಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಅಳಿಯಂದಿರು ಬಾತ್‌ರೂಮಿನ ನಲ್ಲಿಯನ್ನು ತಾವೇ ರಿಪೇರಿ ಮಾಡಿದರು. ಮೊದಲು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು, ಈಗ ಸಣ್ಣ ಧಾರೆ. ಎದುರು ಅಂಗಡಿಯ ಕ್ಷೌರಿಕ ನಾನು ಆಫೀಸಿಗೆ ಹೊರಟಾಗಲೆಲ್ಲ ಕತ್ತರಿ ನಿಲ್ಲಿಸಿ, "ಏನಮ್ಮಾ, ನಿಮ್ಮ ತಂದೆಯವ್ರು ಯಾವಾಗ ಬರ್ತಾರೆ? ಅವರು ಹೇಳ್ತಿದ್ದ ಕಥೆ ಅರ್ಧಕ್ಕೇ ನಿಂತಿದೆ, ಏಳು ಬೀಗದ ಬಾಗಿಲ ಮುಂದೆ ಆ ಹುಡುಗಿ ಇನ್ನೂ ಕಾಯ್ತಾ ಇದ್ದಾಳೆ" ಅನ್ನುತ್ತಾನೆ. ಕುರ್ಚಿಯಲ್ಲಿ ಕೂತವರು ಅರ್ಧ ಮೀಸೆಯಲ್ಲೇ ಹೌದು ಹೌದು ಅನ್ನುತ್ತಾರೆ.

ಕಾಗದಕ್ಕೆ ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ನೀವು ಹೂಂ ಬಿಟ್ಟು ಬೇರೆ ಮಾತಾಡುವುದಿಲ್ಲ. ನಾವು ಚಿಕ್ಕವರಿದ್ದಾಗ ಜಗಲಿಯ ಮೇಲೆ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ರಾಜಕುಮಾರನನ್ನು ಕುದುರೆ ಹತ್ತಿಸಿದ ಕಡೆಯೇ ಬಿಟ್ಟು ಸುಮ್ಮನಾಗಿಬಿಡುತ್ತಿದ್ದಿರಿ. "ಹೂಂ ಅನ್ನೋರು ಮಲಗಿದ್ರೆ ಕುದುರೇನೂ ಮಲಗುತ್ತೆ" ಅನ್ನುತ್ತಿದ್ದಿರಿ. ಹಾಗಿದ್ದವರು ಈಗ ಹೂಂ ಅನ್ನುವ ಕಡೆ ಬಂದು ಕೂತಿದ್ದೀರಿ. ನೀವು ಮುಂದೆ ಎಲ್ಲಿರಬೇಕು ಅಂತ ಕೇಳಿದರೆ, "ನಿಮ್ಮಿಬ್ಬರಿಗೆ ಹೇಗೆ ಅನುಕೂಲವೋ ಹಾಗೆ" ಅಂದು ಫೋನನ್ನು ಪಕ್ಕದವರ ಕೈಗೆ ಕೊಟ್ಟುಬಿಡುತ್ತೀರಿ. ತಮ್ಮನೂ ನಾನೂ ಈ ವಿಷಯ ಸಾಕಷ್ಟು ಮಾತಾಡಿದ್ದೇವೆ. ಅಲ್ಲಿ ನೆಲಮಹಡಿ, ಆಸ್ಪತ್ರೆ ಹತ್ತಿರ. ಇಲ್ಲಿ ಮೂರನೇ ಮಹಡಿ, ಲಿಫ್ಟು ಇದ್ದರೂ ಇಲ್ಲದ ಹಾಗೆ. ಹೋದ ಭಾನುವಾರ ಅವನು, "ಅಕ್ಕಾ, ಅಪ್ಪ ಇನ್ಮೇಲೆ ಇಲ್ಲೇ ಇರಲಿ ಅಂತ ನೀನೇ ಬರೆದುಬಿಡು, ನೀನು ಹೇಳಿದ್ರೆ ಒಪ್ತಾರೆ" ಅಂದ. ನಾನೂ ಆಯ್ತು ಅಂದೆ. ಈ ಕಾಗದ ಹುಟ್ಟಿದ್ದು ಆ ಕೆಲಸಕ್ಕೆ. ಆದರೆ ವಾರದ ಮಧ್ಯೆ ಆಫೀಸಿನಲ್ಲಿ ಒಂದು ಸಂಗತಿ ನಡೆಯಿತು, ಅದನ್ನು ಮೊದಲು ಹೇಳುತ್ತೇನೆ. ಈ ಸಲ ಕಥೆ ನನ್ನದು, ಹೂಂ ನಿಮ್ಮದೇ ಇರಲಿ, ಅಡ್ಡಿಯಿಲ್ಲ.

ನನ್ನ ಕೆಲಸವನ್ನು ನೀವು ಇಡೀ ಬೀದಿಗೆ "ನಮ್ಮ ಹುಡುಗಿ ಕಳ್ಳಮಾಲು ಹಿಡೀತಾಳೆ" ಅಂತ ಹೇಳಿಕೊಂಡು ಬಂದವರು. ಪೂರ್ತಿ ತಪ್ಪೇನಲ್ಲ. ಹೊಸದೊಂದು ಕಂಡುಹಿಡಿದಿದ್ದೇನೆ, ಪೇಟೆಂಟ್ ಕೊಡಿ ಅಂತ ಯಾರಾದರೂ ಅರ್ಜಿ ಹಾಕಿದರೆ, ಅದು ನಿಜಕ್ಕೂ ಹೊಸದೇ, ಹೊಸದಾದರೂ ಆ ವಿದ್ಯೆ ಬಲ್ಲ ಯಾರಿಗಾದರೂ ಸಲೀಸಾಗಿ ಹೊಳೆಯುವಂಥದ್ದೇ ಅಂತ ಹಳೆಯ ದಾಖಲೆಗಳನ್ನು ಹುಡುಕಿ ನೋಡುವುದು ನನ್ನ ಕೆಲಸ. ಅರ್ಜಿಯ ಕೊನೆಯಲ್ಲಿ ಕ್ಲೇಮು ಅಂತ ಇರುತ್ತದೆ, ಇಷ್ಟು ಜಾಗ ನನ್ನದು ಅಂತ ಬೇಲಿ ಹಾಕುವ ವಾಕ್ಯ. ಉಸಿರು ಹಿಡಿದು ಓದಬೇಕು, ಒಂದೇ ವಾಕ್ಯ ಅರ್ಧ ಪುಟ. ಈ ಸಲ ಬಂದದ್ದು ಮೊಬೈಲು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವ ವಿಷಯ. ಅರ್ಜಿ ಆಗಲೇ ಪ್ರಕಟವಾಗಿದೆ, ಹಾಗಾಗಿ ನಿಮಗೆ ಹೇಳಿದರೆ ಗುಟ್ಟೇನೂ ರಟ್ಟಾಗುವುದಿಲ್ಲ. ನೀವು ಬಸ್ಸಿನಲ್ಲಿ ಕೂತು ಮಾತಾಡುತ್ತಾ ಹೋಗುತ್ತೀರಲ್ಲ, ಆಗ ನಿಮ್ಮ ಜೇಬಿನ ಫೋನು ತನ್ನ ಟವರಿಗೆ ಆಗಾಗ ಹೂಂಗುಟ್ಟುತ್ತಲೇ ಇರುತ್ತದೆ: ನಿನ್ನ ದನಿ ಇಷ್ಟು ಕೇಳುತ್ತಿದೆ, ಪಕ್ಕದವನ ದನಿ ಇಷ್ಟು ಕೇಳುತ್ತಿದೆ. ಅಳೆಯುವುದು ಫೋನು, ತೀರ್ಮಾನಿಸುವುದು ಟವರು. ಪಕ್ಕದ ದನಿ ಒಂದು ಎಳೆ ಜಾಸ್ತಿಯಾದ ಕೂಡಲೇ ಕಳಿಸಿಬಿಟ್ಟರೆ ಫೋನು ಅಲ್ಲಿಗೂ ಇಲ್ಲಿಗೂ ಚೆಂಡಿನ ಹಾಗೆ ಪುಟಿಯುತ್ತದೆ. ಅದಕ್ಕೆ ಒಂದು ಅಂತರ ಇಟ್ಟುಕೊಂಡಿರುತ್ತಾರೆ. ಪಕ್ಕದವನ ದನಿ ಅಷ್ಟು ಅಂತರಕ್ಕೆ ಹೆಚ್ಚಾಗಿ, ಸ್ವಲ್ಪ ಹೊತ್ತು ಹಾಗೇ ನಿಂತರೆ ಮಾತ್ರ ಹೋಗು ಅಂತ ಅಪ್ಪಣೆ.

ಈ ಅರ್ಜಿಯಲ್ಲಿ ಹೇಳಿದ್ದು ಬೇರೆ. ದನಿ ಚೆನ್ನಾಗಿರುವಾಗಲೇ ಟವರು ಅಪ್ಪಣೆ ಕೊಟ್ಟಿಡಬೇಕು, ಪಕ್ಕದ ಟವರು ಜಾಗ ಕಾದಿರಿಸಿರಬೇಕು, ಯಾವಾಗ ಹೊರಡುವುದು ಅನ್ನುವುದು ಫೋನಿಗೇ ಬಿಟ್ಟದ್ದು. ದನಿ ಸರ್ರನೆ ಕುಗ್ಗುತ್ತಿದ್ದರೆ ಫೋನು ಆ ಅಂತರವನ್ನು ತಾನೇ ಕಡಿಮೆ ಮಾಡಿಕೊಂಡು ಬೇಗ ಹೊರಡಬೇಕು. ನಾನು ಹುಡುಕಿದೆ. ಅಪ್ಪಣೆ ಮೊದಲೇ ಕೊಡುವುದನ್ನು ಹೇಳುವ ಹಳೆಯ ದಾಖಲೆ ಒಂದು ಸಿಕ್ಕಿತು. ದನಿ ಕುಗ್ಗುವ ವೇಗ ಅಳೆಯುವುದನ್ನು ಹೇಳುವ ದಾಖಲೆ ಇನ್ನೊಂದು ಸಿಕ್ಕಿತು. ಎರಡನ್ನೂ ಸೇರಿಸಿ ಹೊಲಿದೆ, ಇದರಲ್ಲಿ ಹೊಸದೇನಿದೆ, ಯಾರಿಗಾದರೂ ಹೊಳೆಯುವಂಥದ್ದೇ ಅಂತ ಆಕ್ಷೇಪಣೆ ಕಳಿಸಿದೆ. ಅರ್ಜಿದಾರರು ಮುಖತಾ ವಿಚಾರಣೆ ಬೇಕು ಅಂದರು.

ನಮ್ಮ ಕೋಣೆಯ ಹಿರಿಯರು ನಿಮಗೆ ಗೊತ್ತಲ್ಲ, ನಾವು ಭೂತಗನ್ನಡಿ ಅಂತ ಕರೆಯುವವರು, ಊಟದ ಡಬ್ಬಿಯ ಮುಚ್ಚಳವನ್ನೂ ತಿರುಗಿಸಿ ನೋಡಿಯೇ ತೆಗೆಯುವವರು. ವಿಚಾರಣೆಯ ಹಿಂದಿನ ದಿನ ನನ್ನ ಕಡತ ಓದಿ, "ಹೊಲಿಗೆ ಚೆನ್ನಾಗಿದೆ ಮಾರಾಯ್ತಿ. ದಾರ ಎಲ್ಲಿ ಸಿಕ್ತು?" ಅಂದರು. ನನಗೆ ಅರ್ಥವಾಗಲಿಲ್ಲ. "ಈ ಎರಡನ್ನ ಸೇರಿಸು ಅಂತ ಈ ಎರಡರಲ್ಲಿ ಯಾವುದು ಹೇಳ್ತು? ಅಥವಾ ಅರ್ಜಿ ಓದಿದ ಮೇಲೆ ನಿನಗೇ ಹೊಳೀತೋ? ಒಗಟಿಗೆ ಉತ್ತರ ಕೇಳಿಸಿಕೊಂಡು ಆಮೇಲೆ ಓ ಇಷ್ಟೇನಾ ಅನ್ನೋ ಜನ ನಾವು. ಈ ಕೋಣೇಲಿ ಕೂತವರಿಗೆಲ್ಲ ಬರೋ ಕಾಯಿಲೆ ಅದು" ಅಂದು ಡಬ್ಬಿ ಮುಚ್ಚಿದರು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅವರ ಹಿಂದೆ ಸ್ವಲ್ಪ ಮೂತಿಯನ್ನೂ ತಿರುಗಿಸಿದೆ.

ವಿಚಾರಣೆಗೆ ಅರ್ಜಿದಾರರ ವಕೀಲರು ಬಂದಿದ್ದರು, ಬಾಯಿ ತೆರೆದರೆ ಮುಚ್ಚದವರು. ಜೊತೆಗೆ ಅದನ್ನು ಕಂಡುಹಿಡಿದ ಹೆಂಗಸೂ ಬಂದಿದ್ದಳು, ಹೆಚ್ಚು ಕಡಿಮೆ ನನ್ನ ವಯಸ್ಸಿನವಳು, ಕೈಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು. ರೈಲಿನ ಕಿಟಕಿ ಪಕ್ಕ ಕೂತು ಮಡಿಲ ತುಂಬ ಫೋನು ಹರಡಿಕೊಂಡು ಅಳೆಯುತ್ತಿದ್ದಳಂತೆ. ಒಂದು ಸಲ ಜೊತೆಯ ಪ್ರಯಾಣಿಕರು ಫೋನ್ ಕಳ್ಳಿ ಅಂತ ಟಿಕೆಟ್ ಕಲೆಕ್ಟರನ್ನೇ ಕರೆದರಂತೆ. ವಕೀಲರು ಹದಿನಾರು ತಿರುವು ಹಾಕಿದ ಮಾತು ಮುಗಿಸಿದ ಮೇಲೆ ನಾನು ಅವಳನ್ನೇ ಕೇಳಿದೆ: ಫೋನು ಅಳೆದು ಹೇಳುತ್ತದೆ, ಟವರು ಅಪ್ಪಣೆ ಕೊಡುತ್ತದೆ, ಇದರಲ್ಲಿ ತೊಂದರೆ ಏನು? ಅವಳು ಸ್ವಲ್ಪ ಯೋಚಿಸಿ ಅಂದಳು: "ತೊಂದರೆ ಇರೋದು ಕೇಳೋದರಲ್ಲೇ ಮೇಡಂ. ಹೊರಡಬೇಕಾದ ಹೊತ್ತಿಗೆ ಸರಿಯಾಗಿ ದನಿ ಹೋಗಿರುತ್ತೆ. ಫೋನು ಕೇಳಿದ್ದು ಟವರಿಗೆ ಮುಟ್ಟಲ್ಲ, ಟವರು ಹೋಗು ಅಂದಿದ್ದು ಫೋನಿಗೆ ಕೇಳಲ್ಲ. ಅಪ್ಪಣೆ ಕೇಳ್ತಾ ಕೇಳ್ತಾನೇ ಕಾಲ್ ಸತ್ತುಹೋಗುತ್ತೆ. ಚೆನ್ನಾಗಿರುವಾಗಲೇ ಕೊಟ್ಟಿಟ್ಟರೆ ಯಾರನ್ನೂ ಕೇಳೋದೇ ಬೇಡ." ವಕೀಲರು ಮತ್ತೆ ಶುರುಮಾಡಲು ಹೋದರು, ಅವಳು ಅವರ ತೋಳು ಮುಟ್ಟಿ ಸುಮ್ಮನಿರಿಸಿದಳು.

ಅವರು ಹೋದ ಮೇಲೆ ನಾನು ಎರಡನೆಯ ದಾಖಲೆಯನ್ನು, ದನಿ ಕುಗ್ಗುವ ವೇಗದ್ದನ್ನು, ಮೊದಲ ಪುಟದಿಂದ ಓದಿದೆ. ಹಿಂದೆ ಓದಿದ್ದು ನನಗೆ ಬೇಕಾದ ಸಾಲುಗಳನ್ನು ಮಾತ್ರ. ಮುಂದಿನ ಪುಟದಲ್ಲಿ ಅದು ಹೇಳಿದ್ದೇ ಬೇರೆ: ದನಿ ಸರ್ರನೆ ಕುಗ್ಗಿದರೆ ಅವಸರ ಬೇಡ, ಲಾರಿಯೋ ಗೋಡೆಯೋ ಅಡ್ಡ ಬಂದಿರಬಹುದು, ಕಾದು ನೋಡಿ. ಅಂದರೆ ಇವಳು ಓಡು ಅನ್ನುವ ಕಡೆ ಅದು ನಿಲ್ಲು ಅನ್ನುತ್ತಿತ್ತು. ಅದನ್ನು ಓದಿದ ಯಾರಿಗೂ ಇವಳ ದಾರಿ ಹೊಳೆಯುವ ಮಾತೇ ಇಲ್ಲ. ನಾನು ಆ ಆಕ್ಷೇಪಣೆ ಕೈಬಿಟ್ಟೆ. ಒಂದು ಮಾತ್ರ ತಿದ್ದಿಸಿದೆ: ಪಕ್ಕದ ಟವರು ಎಷ್ಟು ಹೊತ್ತು ಜಾಗ ಕಾದಿರಿಸಬೇಕು ಅಂತ ಕ್ಲೇಮಿನಲ್ಲಿ ಇರಲಿಲ್ಲ. ಮಿತಿಯಿಲ್ಲದೆ ಬೇಲಿ ಹಾಕಿದರೆ ಊರೆಲ್ಲ ಅವರದೇ ಆಗುತ್ತದೆ. ಬರೆದುಕೊಟ್ಟರು. ಶುಕ್ರವಾರ ಪೇಟೆಂಟ್ ಕೊಡಬಹುದು ಅಂತ ಸಹಿ ಹಾಕಿದೆ. ಭೂತಗನ್ನಡಿ ನೋಡಿ, "ಗುಣವಾಯ್ತಾ?" ಅಂದರು ಅಷ್ಟೆ.

ಅವತ್ತು ಸಂಜೆ ತಮ್ಮ ಫೋನು ಮಾಡಿ, ಕಾಗದ ಬರೆದೆಯಾ ಅಂದ. ಮಾತಿನ ಮಧ್ಯೆ ಅವನೇ ಹೇಳಿದ್ದು, ನೀವು ಬ್ಯಾಗು ಇನ್ನೂ ಬಿಚ್ಚಿಲ್ಲವಂತೆ. ಅಂಗಿ ಬೇಕಾದಾಗ ಮಂಚದ ಕೆಳಗಿಂದ ಎಳೆದು, ಒಂದು ತೆಗೆದುಕೊಂಡು, ಮತ್ತೆ ಜಿಪ್ ಹಾಕಿಡುತ್ತೀರಂತೆ. ಬೀರುವಿನಲ್ಲಿ ನಿಮಗೆ ಬಿಟ್ಟುಕೊಟ್ಟ ಅರೆ ಖಾಲಿಯೇ ಇದೆಯಂತೆ. "ಹೊರಡೋ ತಯಾರಿ, ಅಕ್ಕಾ. ನಮ್ಮ ಮನೇಲಿ ಏನು ಕಡಿಮೆಯಾಗಿದೆ?" ಅಂತ ಪಾಪ ನೊಂದುಕೊಂಡ. ನಾನು ಫೋನು ಹಿಡಿದು ನಿಮ್ಮ ಕೋಣೆಗೆ ಹೋಗಿ ಇಲ್ಲಿಯ ಬೀರು ತೆಗೆದು ನೋಡಿದೆ. ಇಲ್ಲಿಯ ಅರೆಯೂ ಖಾಲಿ. ಇಲ್ಲಿದ್ದಾಗಲೂ ಬ್ಯಾಗು ಮಂಚದ ಕೆಳಗೇ ಇರುತ್ತಿತ್ತಲ್ಲ, ನಾನು ಗುಡಿಸುವಾಗ ದಿನಾ ಸರಿಸುತ್ತಿದ್ದೆ. ಅದನ್ನು ಅವನಿಗೆ ಹೇಳಿದೆ. ಆಮೇಲೆ ನಾನು ಟವರಿನ ಕಥೆ ಹೇಳಿದೆ. ಅವನು, "ಅಪ್ಪ ಏನು ಫೋನಾ?" ಅಂತ ರೇಗಿದ. ಒಂದು ಗಂಟೆ ಬಿಟ್ಟು ಅವನೇ ಮತ್ತೆ ಮಾಡಿ ಒಪ್ಪಿಕೊಂಡ.

ಉಳಿದದ್ದೇನೂ ವಿಶೇಷವಿಲ್ಲ. ಮೊಮ್ಮಗಳು ಸೈಕಲ್ಲು ಕಲಿತು ಕ್ಷೌರಿಕನ ಫಲಕಕ್ಕೆ ಗುದ್ದಿದ್ದಾಳೆ, ಫಲಕ ಸೊಟ್ಟಗಾಗಿದೆ, ಅವಳು ನೆಟ್ಟಗಿದ್ದಾಳೆ. ಔಷಧಿಯನ್ನು ಕಣ್ಣಿಗೇ ಹಾಕಿಸಿಕೊಳ್ಳಿ. ತಮ್ಮನಿಗೂ ಅವನ ಹೆಂಡತಿಗೂ ನನ್ನ ಪ್ರೀತಿ ಹೇಳಿ. ಅಳಿಯಂದಿರ ನಮಸ್ಕಾರ, ಮೊಮ್ಮಗಳ ಮುತ್ತು ತಲುಪಲಿ. ನಿಮ್ಮ ಕೈ ನಮ್ಮ ತಲೆಯ ಮೇಲಿರಲಿ.

ಇತಿ ನಿಮ್ಮ ಮಗಳು,
ಕಳ್ಳಮಾಲು ಹಿಡಿಯುವವಳು

ಮರೆತೆ: ಅಡುಗೆಗೆ ಏಳುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಲ್ಲೇ ಇರಿ ಅಂತ ನಾನು ಬರೆಯುವುದಿಲ್ಲ, ಇಲ್ಲಿಗೇ ಬನ್ನಿ ಅಂತಲೂ ಬರೆಯುವುದಿಲ್ಲ. ಲಕೋಟೆ ಭಾರವಾಗಿರುವುದು ನಮ್ಮ ಮನೆಯ ಕೀಲಿಕೈಯಿಂದ. ಆ ಮನೆಯದನ್ನು ತಮ್ಮ ಇವತ್ತು ನಿಮ್ಮ ಕೈಗೆ ಕೊಡುತ್ತಾನೆ. ಎರಡೂ ನಿಮ್ಮ ಜೇಬಿನಲ್ಲಿರಲಿ. ಎಲ್ಲಿಗೆ, ಯಾವಾಗ, ಎಷ್ಟು ದಿನಕ್ಕೆ ಅಂತ ನಮ್ಮನ್ನು ಕೇಳಬೇಡಿ, ಅಪ್ಪಣೆ ಇವತ್ತೇ ಕೊಟ್ಟಾಗಿದೆ. ಆ ಹೆಂಗಸಿಗೆ ಜಾಗ ಕಾದಿರಿಸಲು ಮಿತಿ ಬರೆಸಿದೆನಲ್ಲ, ನಿಮಗೆ ಮಿತಿಯಿಲ್ಲ. ಮೈಯಲ್ಲಿ ಚೆನ್ನಾಗಿ ದನಿ ಇರುವಾಗಲೇ ಹೊರಡಿ, ಅಷ್ಟೇ. ಬಸ್ಸು ಹತ್ತಿದ ಮೇಲೆ ಒಂದು ಮಾತು ಹೇಳಿದರೆ ಸಾಕು, ಕೆಳಗಿನ ಮೆಟ್ಟಿಲಿಗೆ ಅಳಿಯಂದಿರನ್ನು ಕಳಿಸುತ್ತೇನೆ. ಮತ್ತೆ ಅಪ್ಪಾ, ಇದಕ್ಕೆ ಹೂಂ ಅನ್ನಬೇಡಿ. ಎದ್ದು ಆ ಬ್ಯಾಗು ಎಳೆದು ಅಂಗಿಗಳನ್ನು ಬೀರುವಿನಲ್ಲಿ ಜೋಡಿಸಿ. ನಾಲ್ಕು ಅಲ್ಲಿ. ಉಳಿದ ನಾಲ್ಕು, ಬಂದಾಗ ಇಲ್ಲಿ.