ಹನ್ನೊಂದು ತಿಂಗಳ ರಾಗ

ಬೆಥೆಸ್ಡಾ, ವೇಲ್ಸ್
ಏಪ್ರಿಲ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಗೆಥಿನ್,

ಹೇಗಿದ್ದೀಯೋ? ಮೊಣಕಾಲಿನ ನೋವು ಇಳಿಯಿತೇ? ಪಟಗೋನಿಯಾದ ಮಕ್ಕಳಿಗೆ ವೆಲ್ಷ್ ಕಲಿಸಲು ಹೋದವನು ಅವರಿಂದ ಕುದುರೆ ಸವಾರಿ ಕಲಿಯುವುದು ಬೇಕಿತ್ತೇ ನಿನಗೆ? ಇಲ್ಲಿ ನನ್ನ ಕೆಮ್ಮು ಹೋಯಿತು, ಅಪ್ಪನ ರಕ್ತದೊತ್ತಡ ಹದದಲ್ಲಿದೆ. ಆದರೂ ಮನೆ ಚೆನ್ನಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಮೆಸೇಜ್ ಕಳಿಸಿದರೆ ಎರಡು ಸಾಲಿಗೆ ಮುಗಿದುಹೋಗುತ್ತದೆ, ಅಷ್ಟು ಸುಲಭಕ್ಕೆ ಮುಗಿಯುವ ತಪ್ಪಲ್ಲ ನಾನು ಮಾಡಿರುವುದು. ಅದಕ್ಕೇ ಈ ಕಾಗದ.

ಮೇ ಕೊನೆಯ ಹಾಡಿನ ಹಬ್ಬದಲ್ಲಿ ಅಪ್ಪ ಹಾಡು ಎತ್ತಿಕೊಡುವುದಿಲ್ಲವಂತೆ. ನಲವತ್ತು ವರ್ಷ ಚಾಪೆಲಿನಲ್ಲಿ ಎಲ್ಲರ ಮುಂದೆ ನಿಂತು ಕೈ ಆಡಿಸಿ ಹಾಡಿಸಿದವರು, 'ಬೇರೆ ಯಾರನ್ನಾದ್ರೂ ನೋಡ್ಕೊಳ್ರಪ್ಪ, ನನ್ನ ತಲೆ ನಂಬೋ ಹಾಗಿಲ್ಲ' ಎಂದು ಹಿರಿಯರಿಗೆ ಹೇಳಿ ಬಂದುಬಿಟ್ಟರು. ಇವತ್ತು ಹಿಂದಿನ ಬೆಂಚಿನಲ್ಲಿ ಕೂತು ಒಂದು ಸಾಲೂ ಹಾಡದೆ ಮನೆಗೆ ಬಂದರು. ಅಮ್ಮನ ಹೆಸರಿಟ್ಟು ಕಟ್ಟುತ್ತಿದ್ದ ರಾಗ ಕಳೆದುಹೋದದ್ದು ತಮ್ಮ ಮರೆವಿನಿಂದ ಎಂದು ನಂಬಿದ್ದಾರೆ. ಕಳೆದವಳು ನಾನು, ಗೆಥಿನ್.

ರಾಗ ಬರೆಯಲು ಕಂಪ್ಯೂಟರಿನ ಆ ಹಳೆಯ ಪ್ರೋಗ್ರಾಂ ಬಿಟ್ಟರೆ ಅಪ್ಪನಿಗೆ ಬೇರೆಯದು ಆಗದು, ನಿನಗೆ ಗೊತ್ತಲ್ಲ. ದೊ ರೆ ಮಿ ಅಕ್ಷರಗಳಲ್ಲೇ ನಾಲ್ಕು ಧ್ವನಿಗಳನ್ನೂ ಬರೆದುಕೊಡುವುದು ಅದೊಂದೇ. ಹೊಸವೆಲ್ಲ ಗೆರೆ ಎಳೆದು ಚುಕ್ಕಿ ಇಡುತ್ತವೆ, ನಮ್ಮ ಚಾಪೆಲಿನ ಮುದುಕ ಮುದುಕಿಯರಿಗೆ ಆ ಚುಕ್ಕಿ ಓದಲು ಬಾರದು. ಹಳೆಯ ಕಂಪ್ಯೂಟರ್ ಕೆಟ್ಟು ಕೂತಾಗ ನಾನೇ ಹೊಸದರಲ್ಲಿ ವರ್ಚುವಲ್ ಮಷೀನ್ ಹಾಕಿ, ಮೂವತ್ತು ವರ್ಷದ ಹಿಂದಿನ ಕಂಪ್ಯೂಟರನ್ನು ಇದ್ದ ಹಾಗೆಯೇ ಅದರೊಳಗೆ ಕೂರಿಸಿಕೊಟ್ಟೆ. ಅದೇ ನೀಲಿ ಪರದೆ, ಅದೇ ಕೀರಲು ದನಿ. ಅಪ್ಪ ನೋಡಿ, 'ಹಂಗಾದ್ರೆ ಸತ್ತದ್ದರ ದೆವ್ವ ಇದರ ಮೈಮೇಲೆ ಬಂದಿದೆ ಅನ್ನು' ಎಂದು ನಕ್ಕರು. ಅವತ್ತಿನಿಂದ ಅದರ ಹೆಸರೇ ದೆವ್ವ. ಚಾಪೆಲಿನಲ್ಲಿ ಎಲ್ಲರೆದುರು ನನ್ನ ಮಗಳು ದೆವ್ವ ಹಿಡಿಸೋದರಲ್ಲಿ ಜಾಣೆ ಎಂದು ಹೊಗಳಿದ್ದೂ ಆಯಿತು. ನಾನೂ ಉಬ್ಬಿದೆ.

ಎಲ್ಲ ಸರಿಯಾಗಿ ಕೂತ ದಿನವೇ ಅದರ ಸ್ಥಿತಿಯನ್ನು ಒಂದು ಸ್ನ್ಯಾಪ್‌ಶಾಟ್ ಮಾಡಿ ಇಟ್ಟಿದ್ದೆ. ಮುಂದೆ ಏನೇ ಕೆಟ್ಟರೂ ಒಂದು ಗುಂಡಿ ಒತ್ತಿದರೆ ಇಡೀ ಮಷೀನು ಆ ದಿನ ಹೇಗಿತ್ತೋ ಹಾಗಾಗುತ್ತದೆ. ಆಫೀಸಿನಲ್ಲಿ ವಾರಕ್ಕೆ ಇಪ್ಪತ್ತು ಸಲ ಇದನ್ನೇ ಮಾಡುತ್ತೇನೆ. ಅಲ್ಲಿ ಯಾರ ಫೈಲೂ ಮಷೀನಿನೊಳಗೆ ಇರುವುದಿಲ್ಲ, ಎಲ್ಲವೂ ಬೇರೆ ಕಡೆ ಭದ್ರ. ಮಾರ್ಚ್ ಮೊದಲ ಸೋಮವಾರ ಬೆಳಿಗ್ಗೆ ದೆವ್ವ ಮೊಂಡು ಹಿಡಿದು ನಿಂತಿತ್ತು. ಅಪ್ಪ ಅಡುಗೆಮನೆಯಲ್ಲಿ ಬಾರಾ ಬ್ರಿತ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು, ನನಗೆ ಬಸ್ಸಿನ ಅವಸರ. ಒಂದು ಮಾತು ಕೇಳಬೇಕಿತ್ತು. ಕೇಳದೆ ಆ ಗುಂಡಿ ಒತ್ತಿದೆ. ಹನ್ನೊಂದು ತಿಂಗಳು ಅಪ್ಪ ಅದರೊಳಗೆ ಬರೆದಿಟ್ಟದ್ದೆಲ್ಲ ಹೋಯಿತು. ಅಚ್ಚು ಹಾಕಿದ ಒಂದು ಹಾಳೆಯೂ ಇಲ್ಲ, ಅರ್ಧ ಹೆಣೆದ ಸ್ವೆಟರ್ ಯಾರಿಗೂ ತೋರಿಸಬಾರದು ಎಂಬ ಅಮ್ಮನ ಮಾತನ್ನು ಅಪ್ಪ ಹಾಡಿಗೂ ಹಚ್ಚಿದ್ದರು. ಮೂರು ದಿನ ಗುಟ್ಟಾಗಿ ಹುಡುಕಿದೆ. ಏನೂ ಸಿಗಲಿಲ್ಲ.

ಇಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಅಪ್ಪ ತಾವೇ ಹುಡುಕಿ ಹುಡುಕಿ ಸೋತು, 'ಉಳಿಸೋದು ಮರೆತೆನೇನೋ ಕಣೇ, ಇಲ್ಲಾ ಬರೆದೇ ಇರಲಿಲ್ವೋ ಏನೋ' ಎಂದರು. ಆಗಲಾದರೂ ಬಾಯಿ ಬಿಡಬೇಕಿತ್ತು. 'ಇರಲಿ ಬಿಡಿ ಅಪ್ಪಾ, ವಯಸ್ಸಾಯ್ತಲ್ಲ' ಅಂದುಬಿಟ್ಟೆ. ದೊಡ್ಡಪ್ಪ ಕೊನೆಗೆ ಸ್ವಂತ ಮಗಳನ್ನೇ ನೀನು ಯಾರ ಮನೆಯವಳಮ್ಮ ಎಂದು ಕೇಳಿದ್ದನ್ನು ಅಪ್ಪ ಕಣ್ಣಾರೆ ಕಂಡವರು. ತಮಗೂ ಅದೇ ಶುರುವಾಯಿತು ಎಂದುಕೊಂಡರು. ಈಗ ಚಹಾ ಡಬ್ಬಿಯ ಮೇಲೆ ಚಹಾ ಎಂದು ಚೀಟಿ, ಸಕ್ಕರೆಯ ಮೇಲೆ ಸಕ್ಕರೆ ಎಂದು ಚೀಟಿ. ಗ್ಯಾಸ್ ಆರಿಸಿ ಮತ್ತೆ ಎರಡು ಸಲ ಎದ್ದು ನೋಡುತ್ತಾರೆ. ನಾನು ಎದುರಿಗೆ ಕೂತು ಊಟ ಮಾಡುತ್ತೇನೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿನ್ನಿಂದ ಒಂದು ಉಪಕಾರ. ಕ್ರಿಸ್‌ಮಸ್ ದಿನ ನಿನ್ನ ಒತ್ತಾಯಕ್ಕೆ ಅಪ್ಪ ಆ ರಾಗದಲ್ಲಿ ಗಂಡಸರ ಮೇಲುದನಿಯ ಟೆನರ್ ಸಾಲುಗಳನ್ನು ಫೋನಿನಲ್ಲಿ ಹಾಡಿ ನಿನಗೆ ಬರೆಸಿದ್ದರು. ಆ ಚೀಟಿ ಇದ್ದರೆ ಫೋಟೊ ತೆಗೆದು ನನಗೆ ಮಾತ್ರ ಕಳಿಸು. ಅದನ್ನು ದೆವ್ವದೊಳಗೆ ಬರೆದಿಟ್ಟು, ಒಂದು ಮೂಲೆಯಲ್ಲಿ ಸಿಕ್ಕಿತು ಎನ್ನುತ್ತೇನೆ. ಹೇಡಿಯ ಉಪಾಯ, ಗೊತ್ತು. ಬೇರೆ ತೋಚಲಿಲ್ಲ.

ನಿನ್ನ ಮನೆಯೊಡತಿ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಹೊಟ್ಟೆ ತುಂಬ ಉಣ್ಣು, ಕುದುರೆಯಿಂದ ದೂರ ಇರು, ನೂರು ಕಾಲ ಬಾಳು.

ನಿನ್ನ ಅಕ್ಕ,
ಎಲೆರಿ

ಮತ್ತೆ: ಅಂಚೆಚೀಟಿ ಕೇಳಲು ಕೆಳಗೆ ಹೋದೆ. ಅಪ್ಪ ಮೇಜಿನ ಖಾನೆಗಳ ಮೇಲೆ ತಾವೇ ಅಂಟಿಸಿದ ಚೀಟಿಗಳನ್ನು ಒಂದೊಂದಾಗಿ ಓದುತ್ತ, ಅಂಚೆಚೀಟಿ ಯಾವುದರಲ್ಲಿದೆ ಎಂದು ಹುಡುಕುತ್ತಿದ್ದರು. ತಡೆಯಲಾಗಲಿಲ್ಲ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. 'ಹಂಗಾದ್ರೆ ನಂಗೆ ಮರೆವು ಬಂದಿಲ್ವೇನೆ?' ಎಂದು ಕೇಳಿದರು. ಇಲ್ಲ ಅಪ್ಪಾ ಎಂದೆ. ಮತ್ತೊಂದು ಸಲ ಅದನ್ನೇ ಕೇಳಿದರು. ಆಮೇಲೆ ಕೂತು ಅತ್ತರು ಕಣೋ, ಅಮ್ಮ ಹೋದ ದಿನವೂ ಅಳದವರು. ಈಗ ಪೆನ್ಸಿಲ್ ಹಿಡಿದು ಗುನುಗುತ್ತ ಬರೆಯುತ್ತಿದ್ದಾರೆ. ಟೆನರ್ ಮಾತ್ರ ನೆನಪಿಲ್ಲವಂತೆ, ಅವತ್ತು ನೀನು ಅಪಸ್ವರದಲ್ಲಿ ತಿರುಗಿ ಹಾಡಿ ಕೆಡಿಸಿದೆಯಂತೆ. ಚೀಟಿಯ ಫೋಟೊ ಅವರಿಗೇ ಕಳಿಸು. ರಾಗ ಅಳಿಸಿದ್ದಕ್ಕೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. 'ಆರು ವಾರ ಮುಚ್ಚಿಟ್ಟೆಯಲ್ಲೇ, ಎಲೆರಿ' ಅಂದರು, ಅಷ್ಟೇ.