ರಾಡಿ ಕಾಣದ ಜೀಪಿನ ಮೊದಲ ಮಾಲೀಕರಿಗೆ

ಇಸವಿ 2111, ಉರಿಮಾಸದ ಒಂಬತ್ತನೆಯ ದಿನ
ಕೊರ್ತಿಹಾಳ, ಕೃಷ್ಣೆಯ ಉತ್ತರ ದಂಡೆ

ಶ್ರೀ ಪ್ರಭುಲಿಂಗ ದೇಶನೂರ ಅವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಉರಿಮಾಸವೆಂದರೆ ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಾವು ತುರುಕಿಕೊಂಡ ತಿಂಗಳು. ಆ ಮೂವತ್ತು ದಿನ ಹೊತ್ತು ಮುಳುಗುವ ತನಕ ಯಾರೂ ಹೊಸ್ತಿಲು ದಾಟುವುದಿಲ್ಲ. ಬಿಡುವಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಿ. ಅರ್ಥವಾಗಿ ನೋವಾದರೆ ಅದಕ್ಕೆ ಕ್ಷಮೆ ಕೇಳುವವಳಲ್ಲ ನಾನು.

ನನ್ನ ಹೆಸರು ನೀಲವ್ವ ಬಡಿಗೇರ. ಎಂಜಿನ್ ರಿಪೇರಿ ಮಾಡಿ ಬದುಕುವವಳು. 2024ರಲ್ಲಿ ನೀವು ಹಾರ ಹಾಕಿ, ತೆಂಗಿನಕಾಯಿ ಒಡೆದು ಮನೆಗೆ ತಂದ ಕಪ್ಪು ಫೋರ್‌ವ್ಹೀಲ್ ಜೀಪು ಈಗ ನನ್ನ ಅಂಗಳದಲ್ಲಿದೆ. ಅದರ ಎಂಜಿನ್ ಕಿತ್ತು ಬೇರೆಯದನ್ನು ಕೂರಿಸಿದ್ದೇನೆ. ಕೇಳಿ ಎದೆ ಒಡೆದುಕೊಳ್ಳಬೇಡಿ. ಆ ಎಂಜಿನ್ನು ಎಂದೂ ನಿಮ್ಮದಾಗಿರಲಿಲ್ಲ.

ನಮ್ಮ ಕಾಲದ ಕೃಷ್ಣೆ ಮೂರು ತಿಂಗಳು ಸಮುದ್ರದ ಹಾಗೆ ಹರಡಿ, ಆಮೇಲೆ ಒಮ್ಮೆಲೇ ಇಳಿದುಬಿಡುತ್ತದೆ. ಉಳಿಯುವುದು ಹದಿನಾಲ್ಕು ಮೈಲಿ ಅಗಲದ ರಾಡಿಬಯಲು. ದೋಣಿ ತೇಲುವಷ್ಟು ನೀರಿಲ್ಲ, ಕಾಲೂರುವಷ್ಟು ನೆಲವಿಲ್ಲ. ನಮ್ಮಲ್ಲಿರುವ ಹಳಿಬಂಡಿಗಳು ನೆಲದಲ್ಲಿ ಹುಗಿದ ಪಟ್ಟಿಯ ಮೇಲಷ್ಟೇ ಓಡುತ್ತವೆ, ಪಟ್ಟಿ ಮುಗಿದಲ್ಲಿ ಮಂಕಾಗಿ ನಿಲ್ಲುತ್ತವೆ. ಸೂಲಗಿತ್ತಿ ಜೈತುನಬಿ ಇರುವುದು ದಕ್ಷಿಣ ದಂಡೆಯ ಬಾಗಲಕೋಟೆಯಲ್ಲಿ. ಹೋದ ವರ್ಷ ನನ್ನ ತಂಗಿ ಕಸ್ತೂರಿಗೆ ಬೇನೆ ಶುರುವಾಗಿ ರೇಡಿಯೋದಲ್ಲಿ ಹೇಳಿಕಳಿಸಿದಾಗ ಜೈತುನಬಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೊರಟಳು. ಬಯಲಿನ ನಡುವೆ ಎತ್ತುಗಳು ಹೂತುಕೊಂಡವು. ಎದೆಮಟ್ಟದ ರಾಡಿಯಲ್ಲಿ ಅರವತ್ತು ವರ್ಷದ ಹೆಂಗಸು ಒಂದೂವರೆ ದಿನ ನಡೆದು ಬಂದಳು. ಬರುವಷ್ಟರಲ್ಲಿ ನಾವು ತಂಗಿಯನ್ನೂ ಅವಳ ಕೂಸನ್ನೂ ಒಂದೇ ಕುಣಿಯಲ್ಲಿ ಇಟ್ಟಿದ್ದೆವು.

ಆ ವಾರವೇ ನಾನು ಹಳೆಯ ಜೀಪು ಹುಡುಕುತ್ತ ಹೊರಟೆ. ಎರಡು ದಿನ ರಾಡಿ ತುಳಿದು ಬಾಗಲಕೋಟೆ ಮುಟ್ಟಿದಾಗ ಯಾರೋ ನಿಮ್ಮ ಮನೆ ತೋರಿಸಿದರು. ನಿಮ್ಮ ಮರಿಮೊಮ್ಮಗ ಗುರುಸಿದ್ಧ ಅಲ್ಲಿ ಒಬ್ಬನೇ ಇದ್ದ, ನಲವತ್ತೈದರ ಆಸಾಮಿ. ಮಾಡಿನ ಸೂರ್ಯಫಲಕಗಳು ಒಡೆದು ಮನೆಯೊಳಗೆ ಒಂದು ದೀಪವೂ ಉರಿಯುತ್ತಿರಲಿಲ್ಲ. ಜೀಪು ಮಾತ್ರ ಪಡಸಾಲೆಯಲ್ಲಿ ಗಾಜಿನ ಗೋಡೆಯೊಳಗೆ, ಮಖಮಲ್ಲಿನ ಹೊದಿಕೆ ಹೊದ್ದು ಕೂತಿತ್ತು. ಪಕ್ಕದಲ್ಲಿ ನಿಮ್ಮ ಫೋಟೋ: ಕಪ್ಪು ಕನ್ನಡಕ, ಬಾನೆಟ್ಟಿನ ಮೇಲೆ ಒಂದು ಕಾಲು, ಹಿಂದೆ ಹಿಮದ ಗುಡ್ಡ.

"ಮುಟ್ಟಬ್ಯಾಡ್ರಿ ಅಕ್ಕಾರ," ಅಂದ ಗುರುಸಿದ್ಧ. "ನಮ್ಮ ಮುತ್ತಜ್ಜ ಇದರಾಗ ಲಡಾಖ್ ತನಕ ಹೋಗಿ ಬಂದಾನ್ರಿ. ಹಿಮದಾಗ, ಹಳ್ಳದಾಗ, ಅಂವ ಓಡಿಸದ ಜಾಗಾನ ಇಲ್ಲ."

ಒಡೆಯದೆ ಉಳಿದ ಒಂದೇ ಫಲಕದ ತಂತಿಯನ್ನು ಅವನು ಜೀಪಿನ ಬ್ಯಾಟರಿಗೇ ಕೊಟ್ಟಿದ್ದ. ಕೀಲಿ ತಿರುವಿ ತೋರಿಸಿದ. ಎಂಜಿನ್ ಗುರ್ ಎನ್ನಲಿಲ್ಲ. ಮುಂದಿನ ಪರದೆಯ ಮೇಲೆ ಒಂದು ಸಾಲು ಮೂಡಿತು, ಅನುಮತಿಗಾಗಿ ಕಾಯಿರಿ ಎಂದು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ಮಾಡಿದ ಕಂಪನಿಯಿಂದ ಗಾಳಿಯಲ್ಲಿ ಒಂದು ಅಪ್ಪಣೆ ಬರಬೇಕು, ಕಂಪನಿ ಮುಳುಗಿ ಅರವತ್ತು ವರ್ಷವಾಗಿದೆ. ಪ್ರಭುಲಿಂಗರೇ, ಸ್ವಂತ ಗಾಡಿ ಚಾಲೂ ಮಾಡಲು ಪರರ ಅಪ್ಪಣೆ ಕಾಯುವ ಎಂಜಿನ್ನಿಗೆ ನೀವು ಹಾರ ಹಾಕಿದಿರಿ. ನಿಮ್ಮ ಮನೆಯವರು ಮೂರು ತಲೆಮಾರು ಆ ಸಾಲಿಗೆ ಕೈ ಮುಗಿದರು.

"ಕೆಳಗ ಹೊಕ್ಕು ಒಮ್ಮೆ ನೋಡ್ಲೇನ್ರಿ?" ಎಂದು ಕೇಳಿದೆ. ಅವನು ಅಭಿಮಾನದಿಂದಲೇ ಒಪ್ಪಿದ.

ಒಳಗೆ ತೂರಿ ಬೆನ್ನ ಮೇಲೆ ಮಲಗಿ ದೀಪ ಹಿಡಿದೆ. ಇಪ್ಪತ್ತೆರಡು ವರ್ಷದಿಂದ ಗಾಡಿಗಳ ಹೊಟ್ಟೆ ನೋಡಿದವಳು ನಾನು, ಅಂಥ ಹೊಟ್ಟೆ ನೋಡಿರಲಿಲ್ಲ. ಒಂದು ಕಲ್ಲಿನ ಗೀರಿಲ್ಲ. ಕಾರ್ಖಾನೆಯ ಬಣ್ಣ ಹಾಗೇ ಇತ್ತು. ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ ತೆರೆದರೆ ಹಲ್ಲುಗಳು ಹೊಚ್ಚ ಹೊಸವು. ಆ ಪೆಟ್ಟಿಗೆಯ ಲಿವರನ್ನು ನೀವು ಬದುಕಿನಲ್ಲಿ ಒಮ್ಮೆಯೂ ಎಳೆದಿರಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಹಿಡಿ ಚೀಟಿಗಳಿದ್ದವು, ಎಲ್ಲವೂ ಹುಬ್ಬಳ್ಳಿಯ ಒಂದೇ ಶಾಪಿಂಗ್ ಮಾಲಿನ ಪಾರ್ಕಿಂಗ್ ಚೀಟಿಗಳು. ಮುಗ್ಗರಿಸುವ ದಾರಿಗೆಂದು ಮಾಡಿದ ಗಾಡಿಯಲ್ಲಿ ನೀವು ಐಸ್‌ಕ್ರೀಮ್ ತಿನ್ನಲು ಹೋಗುತ್ತಿದ್ದಿರಿ. ನೀವೊಬ್ಬರೇ ಅಲ್ಲ. ನಿಮ್ಮ ಕಾಲದ ಊರುಗಳ ತುಂಬ ನಿಮ್ಮಂಥವರೇ ಇದ್ದರೆಂದು ಓದಿದ್ದೇನೆ: ಗುಡ್ಡ ಒಡೆಯುವ ಗಾಡಿ ಕೊಂಡು ಸ್ಪೀಡ್ ಬ್ರೇಕರಿಗೆ ಹೆದರಿದವರು. ಆ ಗಾಡಿಗಳು ಉಗುಳಿದ ಹೊಗೆಗೆ ನಮ್ಮ ಪಂಚಾಂಗಕ್ಕೆ ಒಂದು ತಿಂಗಳು ಹೆಚ್ಚಾಯಿತು.

ಹೊರಗೆ ಬಂದು ಹೇಳಿದೆ: "ಸಾವಕಾರ್ರ, ನಿಮ್ಮ ಮುತ್ತಜ್ಜ ಹಿಮಾ ಹೋಗಲಿ, ಮಣ್ಣಿನ ರಸ್ತೇನೂ ತುಳಿದಿಲ್ಲ."

"ಫೋಟೋದಾಗ ಗುಡ್ಡ ಐತೆಲ್ರಿ!"

"ಅದು ಬಟ್ಟಿ ಮ್ಯಾಲ ಬರದ ಗುಡ್ಡರಿ. ಕೆಳಗ ನೋಡ್ರಿ, ನೆರಿಗಿ ಕಾಣಾಕತ್ತಾವು."

ಅವನು ಫೋಟೋ ಇಳಿಸಿ ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದ. ನಲವತ್ತೈದು ವರ್ಷ ಅದರ ಕೆಳಗೇ ಉಂಡು ಮಲಗಿದವನಿಗೆ ನೆರಿಗೆ ಕಂಡಿರಲಿಲ್ಲ. ನನಗೆ ಅವನ ಮೇಲೂ ಹೇಸಿಗೆಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಕಸ್ತೂರಿಯ ವಿಷಯ ಹೇಳಿ, ಜೀಪು ಕೊಟ್ಟರೆ ನಮ್ಮ ಮನೆಯ ಸೂರ್ಯಫಲಕಗಳನ್ನು ಬಿಚ್ಚಿ ತರುತ್ತೇನೆ ಎಂದೆ.

"ಒಯ್ರಿ," ಅಂದ ಕೊನೆಗೆ, ನನ್ನ ಮುಖ ನೋಡದೆ. "ಎಂಜಿನ್ ಕೀಳುವಾಗ ನಾ ಎದುರಿಗಿರಂಗಿಲ್ಲ. ಆದ್ರ ಮೊದಲ ಸಲ ಹೊಳಿ ದಾಟುವಾಗ ನಾನೂ ಕೂಡ್ತೀನಿ."

ಬಾಗಲಕೋಟೆಯಲ್ಲೇ ಒಂದು ಶೆಡ್ಡು ಹಿಡಿದೆ. ಮುಚ್ಚಿಹೋದ ಕಲ್ಯಾಣ ಮಂಟಪವೊಂದರ ಜನರೇಟರಿನಿಂದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಸಿಕ್ಕಿತು. ಪರದೆ ಇಲ್ಲ, ತಂತಿಜಾಲ ಇಲ್ಲ, ಕಾಯಿಸಿ ಸೋಸಿದ ಹೊಂಗೆ ಎಣ್ಣೆ ಕುಡಿದು ಓಡುವ ಒರಟು ಪ್ರಾಣಿ. ಅದರ ಬೋಲ್ಟಿನ ತೂತುಗಳಿಗೂ ನಿಮ್ಮ ಗೇರ್‌ಬಾಕ್ಸಿನ ತೂತುಗಳಿಗೂ ತಾಳೆಯಿಲ್ಲ. ಕುಸಿದ ಸೇತುವೆಯ ಉಕ್ಕು ಕೊರೆದು ನಡುವೆ ಕೂರಿಸಲು ಒಂದು ದಪ್ಪ ತಟ್ಟೆ ಮಾಡಿದೆ. ಕೂದಲೆಳೆಯಷ್ಟು ಸೊಟ್ಟಗಾಯಿತು, ಎರಡನೆಯ ದಿನವೇ ಕ್ಲಚ್ಚು ಸುಟ್ಟು ಶೆಡ್ಡೆಲ್ಲ ನಾತ. ಅಂದು ನಾನು ಕೂತು ಅತ್ತೆ. ಮತ್ತೆ ಕೊರೆದೆ. ಭಾರಕ್ಕೆ ಮೂತಿ ತಗ್ಗಿದಾಗ ಮುಂದಿನ ಸ್ಪ್ರಿಂಗ್ ಬದಲಿಸಿದೆ. ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಅದು ಕೆಮ್ಮಿ, ಕರಿ ಹೊಗೆ ಕಾರಿ, ನಡುಗುತ್ತ ನಿಂತಲ್ಲೇ ಓಡತೊಡಗಿತು.

ಮೂರೇ ದಿನಕ್ಕೆ ಕೊರ್ತಿಹಾಳದಿಂದ ರೇಡಿಯೋದಲ್ಲಿ ಸುದ್ದಿ ಬಂತು: ನಮ್ಮ ನೆರೆಮನೆಯ ಲಗಮವ್ವನಿಗೆ ಬೇನೆ, ಕೂಸು ಅಡ್ಡ ತಿರುಗಿದೆ. ಜೈತುನಬಿಯನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಹಿಂದಿನ ಸೀಟಿನಲ್ಲಿ ಗುರುಸಿದ್ಧ, ಬಿಳಿ ಧೋತರ ಉಟ್ಟು, ಮಖಮಲ್ಲಿನ ಹೊದಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡು. ಜೀಪು ನಿಂತಾಗ ಹೊದಿಸಬೇಕಂತೆ!

ಬಯಲಿನ ಅಂಚಿನಲ್ಲಿ ಲಿವರ್ ಎಳೆದೆ. ಟಕ್ ಎಂದು ಹಲ್ಲಿಗೆ ಹಲ್ಲು ಕೂತವು. ನಾಲ್ಕೂ ಚಕ್ರ ರಾಡಿ ಕಚ್ಚಿ ನಡೆದವು, ಆರು ಮೈಲಿ, ಎಂಟು ಮೈಲಿ. ಒಂಬತ್ತರ ಹತ್ತಿರ ಎಡಗಡೆ ನೆಲ ಕುಸಿದು ಜೀಪು ವಾಲಿಕೊಂಡಿತು. ಚಕ್ರಗಳು ಸುಮ್ಮನೆ ತಿರುಗಿದವು. ಜೈತುನಬಿ ನನ್ನ ತೋಳು ಹಿಡಿದಳು. "ಈ ಸಲಾನೂ ನಡಸ್ತೀಯೇನವ್ವ ನನ್ನ?" ಅಂದಳು.

ಆಗ ಹಿಂದಿನ ಬಾಗಿಲು ತೆರೆಯಿತು. ಗುರುಸಿದ್ಧ ಧೋತರ ಸಮೇತ ಎದೆಮಟ್ಟ ಇಳಿದಿದ್ದ. ಮುಳುಗಿ ಎದ್ದು, ಮತ್ತೆ ಮುಳುಗಿ, ಕೈಯಲ್ಲೇ ಚಕ್ರದ ಬುಡ ಬಗೆದ. ಆ ಮಖಮಲ್ಲನ್ನು ಸುರುಳಿ ಸುತ್ತಿ ಅಡಿಗೆ ತುರುಕಿದ.

"ಯಕ್ಕಾ, ಸಾವಕಾಶ ಬಿಡ್ರಿ! ಸಾವಕಾಶ!"

ಬಿಟ್ಟೆ. ಚಕ್ರ ಮಖಮಲ್ಲು ಕಚ್ಚಿತು, ಹರಿಯಿತು, ಮೇಲೆ ಬಂತು. ಉಳಿದ ದಾರಿಯಲ್ಲಿ ಇನ್ನೆರಡು ಸಲ ಅವನು ಹಾಗೆಯೇ ಇಳಿದ. ಎರಡನೆಯ ಸಲ ಅಂಗಿ ಬಿಚ್ಚಿ ಕೊಟ್ಟ.

ಮಧ್ಯಾಹ್ನದೊಳಗೆ ಮುಟ್ಟಿದೆವು. ಜೈತುನಬಿ ಒಳಗೆ ಹೋಗಿ ಕದ ಹಾಕಿಕೊಂಡಳು. ಹೊತ್ತು ಇಳಿಯುವಾಗ ಹೆಣ್ಣುಕೂಸು ಅತ್ತಿತು. ತಾಯಿಯೂ ಉಳಿದಳು. ನಾನು ಗೋಡೆಗೊರಗಿ ಕಸ್ತೂರಿ, ಕಸ್ತೂರಿ ಎನ್ನುತ್ತಿದ್ದೆನಂತೆ, ನನಗೆ ನೆನಪಿಲ್ಲ.

ಈಗ ನಿಮ್ಮ ಮನಸ್ಸಿಗೆ ಬರುತ್ತಿರುವ ಮಾತು ನನಗೆ ಗೊತ್ತು. "ನಾನು ಸವೆಸದೆ ಇಟ್ಟಿದ್ದಕ್ಕೇ ಅಲ್ಲವೇ ನಿಮಗೆ ಒದಗಿದ್ದು" ಎಂದು ಹಿಗ್ಗಬೇಡಿ. ಬಳಸದೆ ಬಿಟ್ಟದ್ದನ್ನು ದಾನವೆಂದು ಬರೆಸಿಕೊಳ್ಳುವ ಚಟ ನಿಮ್ಮ ಕಾಲದ್ದು. ನಿಮ್ಮಲ್ಲಿ ನಾನು ಕೇಳುವುದು ಒಂದೇ: ನಿಮ್ಮ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, "ನಾನು ಎಲ್ಲಿಗೂ ಹೋಗಲಿಲ್ಲ" ಎಂದು ಬಾಯಿಬಿಟ್ಟು ಹೇಳಿ. ನೀವು ಸರಿಪಡಿಸದೆ ಬಿಟ್ಟ ಸುಳ್ಳನ್ನು ಒಬ್ಬ ಒಳ್ಳೆಯ ಮನುಷ್ಯ ನಲವತ್ತೈದು ವರ್ಷ ಕತ್ತಲ ಮನೆಯಲ್ಲಿ ಕೂತು ಕಾಯ್ದ.

ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿದರು. ಗುರುಸಿದ್ಧ ಅಂದು ಹಿಂಜರಿಯುತ್ತ, "ನಮ್ಮ ಮುತ್ತಜ್ಜನ ನೆನಪಿಗೆ ಪ್ರಭಾವತಿ ಅಂತ ಇಡಬಹುದೇನ್ರಿ?" ಎಂದು ಕೇಳಿದ. ಲಗಮವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರ್ರೀ ಅಂವ? ರಾಡ್ಯಾಗ ಇಳದಾಂವ ನೀವಲ್ಲೇನ್ರಿ?"

ಕೂಸಿನ ಹೆಸರು ಗುರುಸಿದ್ಧವ್ವ.

ಇಷ್ಟು ನಿಮಗೆ ತಿಳಿದಿರಲಿ.

ನೀಲವ್ವ ಬಡಿಗೇರ